ಮಿತ್ರರಾಷ್ಟ್ರದ ಮೇಲೆ ದಾಳಿಯಾದರೆ ಸೈನ್ಯ ಕಳಿಸಲೇಬೇಕೆ?

ಪ್ರಶ್ನೆ: ಮೇಡಂ, ನೀವು ಅಂತರರಾಷ್ಟ್ರೀಯ ಕಾನೂನು ಕಲಿಸುವವರು ಅಂತ ತಿಳಿದು ಕೇಳ್ತಿದ್ದೀನಿ. 1939ರಲ್ಲಿ ಹಿಟ್ಲರ್ ಪೋಲೆಂಡ್ ಮೇಲೆ ಬಿದ್ದ, ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧ ಸಾರಿದವು ಅಂತ ಪಠ್ಯದಲ್ಲಿ ಒಂದು ಸಾಲು ಇದೆ. ಸಾರಿದ ಮೇಲೆ ಪೋಲೆಂಡಿಗೆ ಏನು ಸಿಕ್ಕಿತು ಅನ್ನೋದು ಎಲ್ಲೂ ಇಲ್ಲ. ಸಾಲಕ್ಕೆ ಜಾಮೀನು ಹಾಕಿದವನು, ಸಾಲಗಾರ ಕೈ ಎತ್ತಿದರೆ ದುಡ್ಡು ಕಟ್ಟಲೇಬೇಕು. ದೇಶಗಳಿಗೆ ಆ ನಿಯಮ ಇಲ್ವಾ?

ಉತ್ತರ: ಜಾಮೀನು ಪತ್ರದಲ್ಲಿ ಮೊತ್ತ ಬರೆದಿರುತ್ತದೆ, ವಸೂಲಿಗೆ ಕೋರ್ಟ್ ಇರುತ್ತದೆ. ದೇಶಗಳ ಒಪ್ಪಂದದಲ್ಲಿ ಮೊತ್ತ ಇರುವುದೇ ಅಪರೂಪ, ವಸೂಲಿಯಂತೂ ದೂರದ ಮಾತು.

ಪೋಲೆಂಡ್ ವಿಷಯದಲ್ಲಿ ಮೊತ್ತವನ್ನೂ ಬರೆದಿದ್ದರು, ಅದೇ ದುರಂತ. 1939ರ ಮಾರ್ಚ್ 31ರಂದು ಪ್ರಧಾನಿ ಚೇಂಬರ್ಲಿನ್ ಸಂಸತ್ತಿನಲ್ಲೇ ನಿಂತು, ಪೋಲೆಂಡಿನ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದು ಅದು ಪ್ರತಿರೋಧಕ್ಕೆ ನಿಂತರೆ ಬ್ರಿಟನ್ ತನ್ನ ಕೈಲಾದ ಎಲ್ಲ ಬೆಂಬಲ ಕೊಡುತ್ತದೆ ಎಂದರು. ಮೇ ತಿಂಗಳಲ್ಲಿ ಫ್ರಾನ್ಸಿನ ಸೇನಾ ಮುಖ್ಯಸ್ಥ ಗಾಮೆಲಾಂ ಪೋಲೆಂಡಿನ ಯುದ್ಧಮಂತ್ರಿ ಕಾಸ್‌ಪ್ಶಿಟ್ಸ್ಕಿ ಜೊತೆ ಕೂತು ಇನ್ನೂ ಮುಂದೆ ಹೋದರು: ಜರ್ಮನಿ ತನ್ನ ಮುಖ್ಯ ಬಲದೊಂದಿಗೆ ಪೋಲೆಂಡ್ ಮೇಲೆ ಬಿದ್ದರೆ, ಫ್ರಾನ್ಸ್ ಸೇನೆ ಕೂಡಿಸಲು ಶುರುಮಾಡಿದ ಹದಿನೈದನೇ ದಿನಕ್ಕೆ ತನ್ನ ಸೈನ್ಯದ ಬಹುಭಾಗದೊಂದಿಗೆ ಜರ್ಮನಿಯ ಮೇಲೆ ದಾಳಿ ಮಾಡುತ್ತದೆ. ಪೋಲಿಷರ ಇಡೀ ಯೋಜನೆ ನಿಂತಿದ್ದೇ ಈ ಮಾತಿನ ಮೇಲೆ. ಗೆಲ್ಲುವ ಲೆಕ್ಕ ಅವರಿಗಿರಲಿಲ್ಲ, ಫ್ರೆಂಚರು ಪಶ್ಚಿಮದಿಂದ ಬರುವವರೆಗೆ ತಡೆದು ನಿಲ್ಲುವ ಲೆಕ್ಕವಿತ್ತು.

ಇನ್ನೊಂದು ಸಂಗತಿ ಓದಿದಾಗೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಆಗಸ್ಟ್ 29ರಂದು ಪೋಲೆಂಡ್ ಸಾರ್ವತ್ರಿಕ ಸೇನಾ ಸಜ್ಜುಗೊಳಿಕೆ, ಅಂದರೆ ಮೀಸಲು ಸೈನಿಕರನ್ನೆಲ್ಲ ಕರೆಸಿ ಸೇನೆ ಕೂಡಿಸುವ ಆದೇಶ, ಘೋಷಿಸಿತು. ಬ್ರಿಟನ್ ಮತ್ತು ಫ್ರಾನ್ಸಿನ ರಾಯಭಾರಿಗಳು ಓಡಿಬಂದು, ಹಿಟ್ಲರನಿಗೆ ನೆಪ ಕೊಡಬೇಡಿ, ಮಾತುಕತೆ ನಡೆಯುತ್ತಿದೆ ಎಂದು ಒತ್ತಾಯಿಸಿ ಅದನ್ನು ವಾಪಸ್ ತೆಗೆಸಿದರು. ಮರುದಿನ ಮತ್ತೆ ಘೋಷಿಸಬೇಕಾಯಿತು. ಸೆಪ್ಟೆಂಬರ್ 1ರ ನಸುಕಿನಲ್ಲಿ ಯುದ್ಧ ಶುರುವಾದಾಗ ಎಷ್ಟೋ ತುಕಡಿಗಳು ಇನ್ನೂ ಒಟ್ಟುಗೂಡುತ್ತಲೇ ಇದ್ದವು. ಸಹಾಯಕ್ಕೆ ಬರಬೇಕಾದವರು ಮೊದಲು ಮಾಡಿದ ಕೆಲಸ ಇದು!

ಸೆಪ್ಟೆಂಬರ್ 3ರಂದು ಬೆಳಿಗ್ಗೆ ಬ್ರಿಟನ್, ಸಂಜೆ ಫ್ರಾನ್ಸ್ ಯುದ್ಧ ಸಾರಿದವು. ಬ್ರಿಟಿಷ್ ವಿಮಾನಗಳು ಜರ್ಮನ್ ಊರುಗಳ ಮೇಲೆ ಕರಪತ್ರ ಸುರಿದವು. ಫ್ರೆಂಚ್ ಸೈನ್ಯ ಜರ್ಮನಿಯ ಸಾರ್ ಪ್ರದೇಶದ ಗಡಿ ದಾಟಿ ಕೆಲವೇ ಕಿಲೋಮೀಟರ್ ನಡೆದು ನಿಂತಿತು. ಸೆಪ್ಟೆಂಬರ್ 12ರಂದು ಫ್ರಾನ್ಸಿನ ಅಬ್ಬೆವಿಲ್‌ನಲ್ಲಿ ಎರಡೂ ದೇಶಗಳ ನಾಯಕರು ಸೇರಿದಾಗ ದೊಡ್ಡ ದಾಳಿಯ ಮಾತು ಅಲ್ಲಿಗೇ ಬಿತ್ತು. ಹದಿನೈದನೇ ದಿನ ಇನ್ನೂ ಬಂದಿರಲಿಲ್ಲ. ವಾರ್ಸಾ 28ರವರೆಗೆ ಹೋರಾಡಿತು.

ಮರುಪ್ರಶ್ನೆ: ಹಾಗಾದ್ರೆ ಒಪ್ಪಂದ ಮುರಿದ ಹಾಗೇ ಅಲ್ವಾ ಮೇಡಂ? ಯಾರೂ ಕೇಳಲಿಲ್ವಾ?

ಉತ್ತರ: ಬ್ರಿಟನ್ ಅಕ್ಷರಶಃ ಮುರಿಯಲಿಲ್ಲ ಎಂದು ವಾದಿಸಬಹುದು. ಕೈಲಾದ ಬೆಂಬಲ ಎಂದಿತ್ತು, ಯುದ್ಧವನ್ನೂ ಸಾರಿತು, ಕೊನೆಗೆ ಆರು ವರ್ಷ ಹೋರಾಡಿತು. ಫ್ರೆಂಚರ ವಾದ ಇನ್ನೂ ಜಾಣತನದ್ದು: ಸೇನಾ ಕರಾರಿಗೆ ಜೊತೆಯಾಗಬೇಕಿದ್ದ ರಾಜಕೀಯ ಒಪ್ಪಂದಕ್ಕೆ ಮೇ ತಿಂಗಳಲ್ಲಿ ಸಹಿಯೇ ಬಿದ್ದಿರಲಿಲ್ಲ, ಆದ್ದರಿಂದ ಹದಿನೈದು ದಿನದ ಮಾತು ಕಟ್ಟುಪಾಡಲ್ಲ. ಸಹಿ ಬಿದ್ದದ್ದು ಸೆಪ್ಟೆಂಬರ್ 4ರಂದು, ಬಾಂಬ್ ಬೀಳಲು ಶುರುವಾದ ಮೇಲೆ.

ಹಿಟ್ಲರನನ್ನು ಹೆದರಿಸಲು ಕೊಟ್ಟ ಭಾಷೆ ಅದು. ಹೆದರದಿದ್ದರೆ ಏನು ಮಾಡಬೇಕು ಎಂಬ ಯೋಜನೆ ಲಂಡನ್ನಿನಲ್ಲಾಗಲಿ ಪ್ಯಾರಿಸ್ಸಿನಲ್ಲಾಗಲಿ ಸಿದ್ಧವಿರಲಿಲ್ಲ. ನನ್ನನ್ನು ಕೇಳಿದರೆ, ಬರುವುದಿಲ್ಲ ಎಂದು ನೇರವಾಗಿ ಹೇಳುವ ಮಿತ್ರನಿಗಿಂತ ಮೂಗಿಗೆ ತುಪ್ಪ ಸವರುವ ಮಿತ್ರ ಹೆಚ್ಚು ಅಪಾಯಕಾರಿ. ಚಿಕ್ಕ ದೇಶ ತನ್ನ ಸೈನ್ಯವನ್ನು ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವುದೇ ಆ ಮಾತು ನಂಬಿ.

ಇನ್ನೊಬ್ಬ ಸದಸ್ಯರು: ಸೆಪ್ಟೆಂಬರ್ 17ಕ್ಕೆ ಸೋವಿಯತ್ ಸೈನ್ಯವೂ ಪೂರ್ವದಿಂದ ನುಗ್ಗಿತಲ್ಲ, ಅವರ ಮೇಲೆ ಬ್ರಿಟನ್ ಯಾಕೆ ಯುದ್ಧ ಸಾರಲಿಲ್ಲ?

ಉತ್ತರ: ಆಗಸ್ಟ್ 25ರ ಆಂಗ್ಲೋ-ಪೋಲಿಷ್ ಒಪ್ಪಂದದಲ್ಲಿ ‘ಯುರೋಪಿನ ಒಂದು ಶಕ್ತಿ’ ಆಕ್ರಮಣ ಮಾಡಿದರೆ ಎಂದಿತ್ತು. ಜೊತೆಗಿದ್ದ ಗುಪ್ತ ಕರಾರಿನಲ್ಲಿ ಆ ಶಕ್ತಿ ಎಂದರೆ ಜರ್ಮನಿ ಎಂದು ಬರೆದುಕೊಂಡಿದ್ದರು. ಲೋಕಕ್ಕೆ ಕಂಡದ್ದು ಒಂದು, ಬದ್ಧತೆ ಇದ್ದದ್ದು ಇನ್ನೊಂದು.

ಪ್ರಶ್ನೆ: ನ್ಯಾಟೋದಲ್ಲಿ ಒಬ್ಬರ ಮೇಲೆ ದಾಳಿ ಅಂದ್ರೆ ಎಲ್ಲರ ಮೇಲೆ ದಾಳಿ ಅಂತಾರಲ್ಲ, ಅದಾದರೂ ಗಟ್ಟಿಯೇ? ಉಕ್ರೇನ್‌ಗೆ ಯಾಕೆ ಯಾರೂ ಸೈನ್ಯ ಕಳಿಸಲಿಲ್ಲ?

ಉತ್ತರ: ಐದನೇ ವಿಧಿಯ ಮೊದಲರ್ಧ ಮಾತ್ರ ಎಲ್ಲರ ಬಾಯಲ್ಲಿದೆ. ಉಳಿದರ್ಧ ಓದಿ: ಪ್ರತಿ ಸದಸ್ಯ ದೇಶ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳುತ್ತದೆ, ಸೇನಾಬಲವೂ ಅದರಲ್ಲಿ ಸೇರಿರಬಹುದು. ಅಗತ್ಯ ಯಾವುದು ಎಂದು ತೀರ್ಮಾನಿಸುವುದು ಆಯಾ ದೇಶವೇ. ಆದರೂ ಅದನ್ನು ನಾನು 1939ರ ಭರವಸೆಗಿಂತ ಗಟ್ಟಿ ಎನ್ನುತ್ತೇನೆ, ಕಾರಣ ಬರಹವಲ್ಲ. ಜಂಟಿ ಕಮಾಂಡ್, ಜಂಟಿ ತಾಲೀಮು, ಮೊದಲೇ ಹೋಗಿ ಠಿಕಾಣಿ ಹೂಡಿರುವ ಪಡೆಗಳು, ಇವೆಲ್ಲ ಪೋಲೆಂಡಿಗೆ ಅಂದು ಇರಲಿಲ್ಲ.

ಉಕ್ರೇನ್ ನ್ಯಾಟೋ ಸದಸ್ಯ ಅಲ್ಲ. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಅದರ ಗಡಿಗಳನ್ನು ಗೌರವಿಸುತ್ತೇವೆ ಎಂದು ಅಮೆರಿಕ, ಬ್ರಿಟನ್ ಜೊತೆ ರಷ್ಯಾವೂ ಸಹಿ ಹಾಕಿತ್ತು, ಆದರೆ ಮುರಿದರೆ ಸೈನ್ಯ ಕಳಿಸುತ್ತೇವೆ ಎಂಬ ಸಾಲು ಅದರಲ್ಲಿ ಇಲ್ಲ. ಹಾಗೆಂದು ನೆರವಿಗೆ ಅಡ್ಡಿಯೂ ಇಲ್ಲ. ದಾಳಿಗೊಳಗಾದ ದೇಶದ ಸಾಮೂಹಿಕ ಆತ್ಮರಕ್ಷಣೆಗೆ ನೆರವಾಗುವ ಹಕ್ಕನ್ನು ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಕೊಡುತ್ತದೆ. ಆದರೆ ಆ ದೇಶವೇ ಕೇಳಿಕೊಂಡಿರಬೇಕು ಎಂದು 1986ರ ನಿಕರಾಗುವಾ ತೀರ್ಪಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದೆ. ಹಕ್ಕು ಎಲ್ಲರಿಗೂ ಇದೆ, ಕರ್ತವ್ಯ ಒಪ್ಪಂದ ಮಾಡಿಕೊಂಡವರಿಗೆ ಮಾತ್ರ.

ಇನ್ನೊಬ್ಬ ಸದಸ್ಯರು: ಯುರೋಪಿನ ಜಗಳ, ನಮಗೇನು ಸಂಬಂಧ?

ಉತ್ತರ: ಸಂಬಂಧ ಇದೆ ಸ್ವಾಮಿ. ಪೋಲೆಂಡಿಗೆ ಬ್ರಿಟನ್ ಕೊಟ್ಟ ಮಾತಿನಿಂದ ಶುರುವಾದ ಯುದ್ಧಕ್ಕೆ ವೈಸರಾಯ್ ಲಿನ್ಲಿತ್‌ಗೋ ಭಾರತವನ್ನೂ ಸೇರಿಸಿದರು, ಇಲ್ಲಿನ ಒಬ್ಬ ನಾಯಕನನ್ನೂ ಕೇಳದೆ. ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟದ್ದು ಅದಕ್ಕೇ. ಆಮೇಲೆ ಪೋಲಿಷ್ ನಿರಾಶ್ರಿತ ಮಕ್ಕಳಿಗೆ ನವಾನಗರದ ಜಾಮ್ ಸಾಹೇಬರು ಜಾಮ್‌ನಗರದ ಹತ್ತಿರ ಬಾಲಾಚಡಿಯಲ್ಲಿ ನೆಲೆ ಕೊಟ್ಟರು. ನಮ್ಮ ಬೆಳಗಾವಿಯಿಂದ ದೂರವೇನಲ್ಲದ ಕೊಲ್ಹಾಪುರದ ವಳಿವಡೆಯಲ್ಲೂ ಪೋಲಿಷರ ದೊಡ್ಡ ಶಿಬಿರವಿತ್ತು. ಜಾಮ್ ಸಾಹೇಬರನ್ನು ಯಾವ ಒಪ್ಪಂದವೂ ಕಟ್ಟಿಹಾಕಿರಲಿಲ್ಲ.

ಪ್ರಶ್ನೆ: 1971ರಲ್ಲಿ ರಷ್ಯಾ ನಮಗೆ ಸಹಾಯ ಮಾಡಿದ್ದು ಒಪ್ಪಂದದಿಂದಲೇ ತಾನೆ?

ಉತ್ತರ: 1971ರ ಆಗಸ್ಟ್ 9ರಂದು ಎರಡೂ ದೇಶಗಳ ವಿದೇಶಾಂಗ ಮಂತ್ರಿಗಳಾದ ಸ್ವರಣ್ ಸಿಂಗ್ ಮತ್ತು ಗ್ರೊಮಿಕೊ ದೆಹಲಿಯಲ್ಲಿ ಸಹಿ ಹಾಕಿದ ಭಾರತ-ಸೋವಿಯತ್ ಒಪ್ಪಂದದ ಒಂಬತ್ತನೇ ವಿಧಿ ನೋಡಿ. ಇಬ್ಬರಲ್ಲಿ ಒಬ್ಬರ ಮೇಲೆ ದಾಳಿಯಾದರೆ ಅಥವಾ ದಾಳಿಯ ಬೆದರಿಕೆ ಬಂದರೆ ತಕ್ಷಣ ಸಮಾಲೋಚನೆ ಮಾಡಿ ತಕ್ಕ ಕ್ರಮ ಕೈಗೊಳ್ಳಬೇಕು, ಅಷ್ಟೇ. ಒಬ್ಬ ಸೈನಿಕನ ಮಾತೂ ಇಲ್ಲ, ಹದಿನೈದು ದಿನದ ಗಡುವೂ ಇಲ್ಲ. ಡಿಸೆಂಬರ್ 3ರಂದು ಪಾಕ್ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬ್ ಹಾಕಿದ ಮೇಲೆ, ಭದ್ರತಾ ಮಂಡಳಿಯಲ್ಲಿ ಬಂದ ಕದನವಿರಾಮದ ನಿರ್ಣಯಗಳನ್ನು ಸೋವಿಯತ್ ಒಕ್ಕೂಟ ಒಂದಾದ ಮೇಲೊಂದು ವೀಟೊ ಮಾಡಿತು. ಢಾಕಾ ತಲುಪಲು ನಮ್ಮ ಸೈನ್ಯಕ್ಕೆ ಬೇಕಾಗಿದ್ದದ್ದು ಆ ಸಮಯವೇ. ಅಮೆರಿಕದ ವಿಮಾನವಾಹಕ ಯುದ್ಧನೌಕೆ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಗೆ ಬಂದಾಗ ಸೋವಿಯತ್ ಹಡಗುಗಳೂ ಅದರ ಬೆನ್ನು ಹತ್ತಿದವು.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಬಿತ್ತು. ಒಂಬತ್ತನೇ ವಿಧಿಯ ಪೂರ್ಣ ಪಠ್ಯವನ್ನು ಗುಂಪಿನ ಫೈಲ್‌ಗಳಲ್ಲಿ ಹಾಕುತ್ತೇನೆ, ಫ್ರೆಂಚ್ ಕರಾರಿನ ಪಕ್ಕ ಇಟ್ಟು ಓದಿ.