ಮಾತ್ರೆ ತಗೊಂಡು ಆರು ದಿನ ಆಯ್ತು, ಈಗ ಜ್ವರ. ಕಾಯಬಹುದಾ?

ಪ್ರಶ್ನೆ: ಡಾಕ್ಟ್ರೇ, ಹೆಸರು ಹಾಕ್ತಿಲ್ಲ, ಕ್ಷಮಿಸಿ. ನಮ್ಮದು ಸಿದ್ದಾಪುರದ ಹತ್ತಿರ ತೋಟದ ಲೈನ್‌ಮನೆ. ತಂಗಿಗೆ ಏಳು ವಾರ ಆಗಿತ್ತು, ಡಾಕ್ಟರ್ ಹತ್ರಾನೇ ಹೋಗಿ ಗರ್ಭಪಾತದ ಮಾತ್ರೆ ತಗೊಂಡ್ಳು. ಆ ದಿನ ಚಳಿಜ್ವರ ಬಂತು, ಗಡ್ಡೆ ಗಡ್ಡೆ ರಕ್ತ ಹೋಯ್ತು, ಆಮೇಲೆ ಕಡಿಮೆ ಆಯ್ತು. ನಿನ್ನೆ ರಾತ್ರಿಯಿಂದ ಮತ್ತೆ ಮೈ ಸುಡ್ತಿದೆ, ಬಟ್ಟೆಯಲ್ಲಿ ಕೆಟ್ಟ ವಾಸನೆ. ಕರಿಮೆಣಸಿನ ಕಷಾಯ, ಜ್ವರದ ಮಾತ್ರೆ ಎರಡೂ ಕೊಟ್ಟೆ. ಬೆಳಿಗ್ಗೆ ಇಳಿದಿತ್ತು, ಈಗ ಮತ್ತೆ ಬಂದಿದೆ. ಮಳೆ ಬೇರೆ ಬಿಡ್ತಿಲ್ಲ. ಸೋಮವಾರ ತೋಟದ ಜೀಪು ಪೇಟೆಗೆ ಹೋಗುತ್ತೆ, ಅಲ್ಲೀವರೆಗೆ ಕಾಯಬಹುದಾ?

ಉತ್ತರ (ಸ್ತ್ರೀರೋಗ ತಜ್ಞೆ): ಬೇಡಮ್ಮ, ಕಾಯಬೇಡಿ. ಇವತ್ತೇ, ಬೆಳಕಿರುವಾಗಲೇ ಹೊರಡಿ. ಮಾತ್ರೆ ಇಟ್ಟ ದಿನ ಚಳಿ, ಜ್ವರ ಬರೋದು ಆ ಮಾತ್ರೆಯ ಗುಣ. ಅದು ಒಂದು ದಿನದೊಳಗೆ ಇಳಿಯಬೇಕು. ಐದಾರು ದಿನ ಬಿಟ್ಟು ಜ್ವರ ಬಂದು ಜೊತೆಗೆ ವಾಸನೆಯೂ ಇದ್ದರೆ, ಗರ್ಭಕೋಶದೊಳಗೆ ಚೂರು ಉಳಿದು ನಂಜಾಗಿರಬಹುದು. ಜ್ವರದ ಮಾತ್ರೆ ಮೈ ತಣ್ಣಗೆ ಮಾಡುತ್ತೆ ಅಷ್ಟೆ, ಒಳಗಿನ ನಂಜು ಹಾಗೇ ಏರ್ತಿರುತ್ತೆ. ಬೇಗ ಬಂದರೆ ಆಂಟಿಬಯೋಟಿಕ್ ಕೊಟ್ಟು, ಬೇಕಿದ್ದರೆ ಉಳಿದದ್ದನ್ನು ತೆಗೆದುಬಿಡ್ತಾರೆ.

ವಿರಾಜಪೇಟೆ ತಾಲೂಕು ಆಸ್ಪತ್ರೆಗಾದರೂ ಸರಿ, ಮಡಿಕೇರಿ ಜಿಲ್ಲಾಸ್ಪತ್ರೆಗಾದರೂ ಸರಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ನಮ್ಮ ಕೊಡಗಲ್ಲಿ ಒಂದು ಮರ ಬಿದ್ದರೆ ಅರ್ಧ ಗಂಟೆ ದಾರಿ ಮೂರು ಗಂಟೆಯಾಗುತ್ತೆ. ಪಟ್ಟಣದವರು ‘ನೋಡೋಣ’ ಅನ್ನೋ ಹೊತ್ತಿಗೆ ನಾವು ಮನೆ ಬಿಟ್ಟಿರಬೇಕು.

ಪ್ರಶ್ನೆ (ಇನ್ನೊಬ್ಬರು, ಸೋಮವಾರಪೇಟೆ): ಮೇಡಂ, ರಕ್ತ ಎಷ್ಟು ಹೋದರೆ ಹೆದರಬೇಕು?

ಉತ್ತರ: ದೊಡ್ಡ ಪ್ಯಾಡು ಗಂಟೆಗೆ ಎರಡರಂತೆ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಮುಂದುವರಿದರೆ ತಕ್ಷಣ ಆಸ್ಪತ್ರೆಗೆ. ಬಟ್ಟೆ ಬಳಸೋರಿಗೆ ಲೆಕ್ಕ ಸಿಗೋದಿಲ್ಲ, ಹಾಗಾಗಿ ಆ ದಿನಗಳಿಗಾದರೂ ಪ್ಯಾಡೇ ಇಟ್ಟುಕೊಳ್ಳಿ. ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ತಡೆಯಲಾಗದ ಹೊಟ್ಟೆನೋವಿದ್ದರೆ ಎಣಿಸುತ್ತಾ ಕೂರಬೇಡಿ. ಜ್ವರವಿಲ್ಲದಿದ್ದರೂ ಮರುದಿನವೂ ವಾಂತಿ, ವಿಪರೀತ ಸುಸ್ತು, ಎದೆ ಹೊಡೆದುಕೊಳ್ಳೋದು ಇದ್ದರೆ ತೋರಿಸಿ. ಒಂದೇ ಕಡೆ ಕಿಬ್ಬೊಟ್ಟೆ ನೋವು, ಭುಜದ ತುದಿಯಲ್ಲಿ ನೋವು ಅಂದರೆ ಗರ್ಭವು ಗರ್ಭಕೋಶದ ಬದಲು ಪಕ್ಕದ ನಳಿಕೆಯಲ್ಲಿ ಕೂತಿರಬಹುದು. ಮಾತ್ರೆಗೆ ಅದು ಹೋಗೋದಿಲ್ಲ, ಒಡೆದರೆ ಜೀವಕ್ಕೇ ಅಪಾಯ. ಇನ್ನು, ಮಾತ್ರೆ ತಗೊಂಡ ಮೇಲೆ ಎರಡು ವಾರ ಸ್ವಲ್ಪ ಸ್ವಲ್ಪ ರಕ್ತ ಕಾಣೋದು ಸಾಮಾನ್ಯ.

ಮೊದಲು ಕೇಳಿದವರು: ಡಾಕ್ಟ್ರೇ, ಅವಳಿಗೆ ಮದುವೆಯಾಗಿಲ್ಲ. ತೋಟದವರಿಗೆ ಗೊತ್ತಾದರೆ ಅಂತ ಹೆದರಿ ಅಳ್ತಿದ್ದಾಳೆ. ಮುಸುಕು ಹಾಕ್ಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಾಳೆ.

ಉತ್ತರ: ಅವಳ ತಲೆ ಸವರಿ ಹೇಳಿ, ತಪ್ಪೇನೂ ಮಾಡಿಲ್ಲ ಅಂತ. ಮದುವೆಯಾಗದವರಿಗೂ ಈ ಹಕ್ಕಿದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 18 ತುಂಬಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು. ಕಾನೂನಿನ ಪ್ರಕಾರ ತಿಳಿಯುವ ಅಧಿಕಾರವಿಲ್ಲದವರಿಗೆ ಡಾಕ್ಟರು ಅವಳ ಹೆಸರು ಹೇಳಿದರೆ ಒಂದು ವರ್ಷದವರೆಗೆ ಜೈಲಾಗಬಹುದು. ಒಳಗೆ ಹೋದಾಗ ಮಾತ್ರ ಏನೂ ಮುಚ್ಚಿಡಬೇಡಿ. ‘ಮುಟ್ಟಿನ ತೊಂದರೆ’ ಅಂದರೆ ಚಿಕಿತ್ಸೆ ತಡವಾಗುತ್ತೆ.

ಮೊದಲು ಕೇಳಿದವರು: 108ಕ್ಕೆ ಹೇಳಿದ್ದೀವಿ, ಗೇಟಿನ ಹತ್ರ ನಿಂತಿದ್ದೀವಿ.

ಉತ್ತರ: ಒಳ್ಳೇದಾಯ್ತು. ಮಾತ್ರೆ ಬರೆದ ಚೀಟಿ, ಸ್ಕ್ಯಾನ್ ರಿಪೋರ್ಟ್ ಇಟ್ಕೊಳ್ಳಿ. ರಕ್ತದ ಗುಂಪು ನೆಗೆಟಿವ್ ಇದ್ದರೆ ಹೋದ ಕೂಡಲೇ ಹೇಳಿ. ಅಲ್ಲಿಗೆ ತಲುಪಿದ ಮೇಲೆ ಇಲ್ಲೊಂದು ಸಾಲು ಬರೀರಿ, ನಾನು ನೋಡ್ತಿರ್ತೀನಿ.