ಪಡಸಾಲೆ ಕಂಪ್ಯೂಟರ್‌ನ ಫೋಲ್ಡರ್ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತಿಲ್ಲ, "ನಿಮ್ಮ ಸಂಸ್ಥೆ ತಡೆದಿದೆ" ಅಂತಿದೆ

ನವನಗರ ಡಿಟಿಪಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಮನೆಯಲ್ಲೇ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜವಳದ ಕಾರ್ಡು ಡಿಸೈನ್ ಮಾಡಿಕೊಡುತ್ತೇನೆ. ಪಡಸಾಲೆಯಲ್ಲಿ ಹಳೇ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10. ಅದರ ಡಿ ಡ್ರೈವ್‌ನಲ್ಲಿ 'ಪತ್ರಿಕೆ' ಅನ್ನೋ ಫೋಲ್ಡರ್ ಇದೆ, ಏಳೆಂಟು ವರ್ಷದ ಕೆಲಸವೆಲ್ಲ ಅದರಲ್ಲೇ. ಮೇಲಿನ ಕೋಣೆಯಲ್ಲಿ ತಮ್ಮನ ವಿಂಡೋಸ್ 7 ಲ್ಯಾಪ್‌ಟಾಪ್ ಇತ್ತು. ಅದರಿಂದ ಈ ಫೋಲ್ಡರ್ ತೆರೆದು ಕೆಲಸ ಮಾಡುತ್ತಿದ್ದೆವು, ಪಾಸ್‌ವರ್ಡ್ ಗೀಸ್‌ವರ್ಡ್ ಏನೂ ಕೇಳುತ್ತಿರಲಿಲ್ಲ. ಅದು ಕೆಟ್ಟಿತು ಅಂತ ಹೊಸದು ತಂದೆವು, ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿ. ಅವತ್ತಿನಿಂದ ಶುರು ನೋಡಿ ಗೋಳು.

ಮೊದಲು ಬಂದ ಸಂದೇಶದ ಅರ್ಥ ಏನಂದರೆ, ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಆಗಿ ಬರುವವರನ್ನು ತಡೆಯುತ್ತದೆ, ಹಾಗಾಗಿ ಈ ಫೋಲ್ಡರ್ ನಿಮಗೆ ಸಿಗಲ್ಲ ಅಂತ. ನಮ್ಮದು ಯಾವ ಸಂಸ್ಥೆ ರೀ! ನಾನು, ತಮ್ಮ, ಅವ್ವ, ಮೂರೇ ಜನ.

ಆಮೇಲೆ ಒಂದು ವಿಡಿಯೋ ನೋಡಿ ಡೆಸ್ಕ್‌ಟಾಪ್‌ನಲ್ಲಿ ಫೈರ್‌ವಾಲ್ ಆಫ್ ಮಾಡಿದೆ. ಆಗಲಿಲ್ಲ. ಫೋಲ್ಡರ್ ಶೇರಿಂಗ್ ತೆಗೆದು ಮತ್ತೆ ಹೊಸದಾಗಿ ಶೇರ್ ಮಾಡಿದೆ. ಆಗಲಿಲ್ಲ. 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಆಫ್ ಇತ್ತು, ಆನ್ ಮಾಡಿದೆ. ಈಗ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿದೆ. ಲ್ಯಾಪ್‌ಟಾಪ್ ತೆರೆಯೋ ನಾಲ್ಕಂಕಿ ಪಿನ್ ಹಾಕಿದರೆ ತಪ್ಪು ಅಂತದೆ. ಡೆಸ್ಕ್‌ಟಾಪ್‌ಗೆ ಪಾಸ್‌ವರ್ಡೇ ಇಲ್ಲ, ಬಟನ್ ಒತ್ತಿದರೆ ಸೀದಾ ತೆರೆದುಕೊಳ್ಳುತ್ತೆ. ಖಾಲಿ ಬಿಟ್ಟು ಓಕೆ ಒತ್ತಿದರೂ ಬೇಡ ಅಂತದೆ. ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ನೋವು ಬಂದಿದೆ. ಲಗ್ನದ ಸೀಸನ್, ಯಾರಾದರೂ ಹೇಳಿ.

ಸೆಟ್ಟಿಂಗ್ಸ್ ಶೂರ

ಸರ್, ಸಿಂಪಲ್. ಎರಡೂ ಕಂಪ್ಯೂಟರ್‌ನಲ್ಲಿ ಎಸ್‌ಎಂಬಿ 1 (ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳೋ ಹಳೇ ಪದ್ಧತಿ) ಆನ್ ಮಾಡಿ, ಲ್ಯಾಪ್‌ಟಾಪ್‌ನ ಗ್ರೂಪ್ ಪಾಲಿಸಿಯಲ್ಲಿ ಇನ್‌ಸೆಕ್ಯೂರ್ ಗೆಸ್ಟ್ ಲಾಗಾನ್, ಅಂದರೆ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಹೋಗೋದನ್ನು, ಎನೇಬಲ್ ಮಾಡಿ, ಫೈರ್‌ವಾಲ್ ಆಫ್ ಇರಲಿ. ಫೋಲ್ಡರ್‌ಗೆ ಎವರಿವನ್, ಫುಲ್ ಕಂಟ್ರೋಲ್. ಐದು ನಿಮಿಷದ ಕೆಲಸ. ನಮ್ಮ ಮನೆಯಲ್ಲಿ ಹೀಗೇ ಇದೆ, ಏನೂ ಆಗಿಲ್ಲ.

ಟಿಳಕವಾಡಿ ಕೇಬಲ್, ಬೆಳಗಾವಿ

ಮೇಲಿನವರು ಹೇಳಿದ್ದನ್ನು ದಯವಿಟ್ಟು ಮಾಡಬೇಡಿ. ಏನೂ ಆಗಿಲ್ಲ ಅಂದರೆ ಇನ್ನೂ ಆಗಿಲ್ಲ ಅಂತ ಅಷ್ಟೇ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂದಿತ್ತಲ್ಲ, ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುತ್ತಿದ್ದದ್ದು, ಅದು ಮಷೀನಿಂದ ಮಷೀನಿಗೆ ಹಬ್ಬಿದ್ದೇ ಎಸ್‌ಎಂಬಿ 1ರ ತೂತಿನಿಂದ. ಅದೇ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ಬರುವುದನ್ನೇ ನಿಲ್ಲಿಸಿದರು. ಅದೂ ಅಲ್ಲದೆ ಇಲ್ಲಿ ಅದು ಬೇಕಾಗೂ ಇಲ್ಲ. ವಿಂಡೋಸ್ 10, ವಿಂಡೋಸ್ 11 ಎರಡೂ ಅದರ ಹೊಸ ಆವೃತ್ತಿ ಎಸ್‌ಎಂಬಿ 3ರಲ್ಲೇ ಮಾತಾಡಿಕೊಳ್ಳುತ್ತವೆ. ಏಳೆಂಟು ವರ್ಷದ ಕೆಲಸ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಂಡವರಿಗೆ ಈ ಸಲಹೆ ಕೊಡಬಾರದು ರೀ.

ಈಗ ನಿಮ್ಮ ವಿಷಯ. ಪಾಸ್‌ವರ್ಡ್ ಕೇಳುತ್ತಿದೆ ಅಂದರೆ ಅದು ಒಳ್ಳೇ ಸುದ್ದಿ. ವೈಫೈ ಸರಿ ಇದೆ, ದಾರಿ ಸರಿ ಇದೆ, ನೀವು ಬಾಗಿಲ ತನಕ ಬಂದು ನಿಂತಿದ್ದೀರಿ. ಒಳಗಿನವರು "ಯಾರು?" ಅಂತ ಕೇಳುತ್ತಿದ್ದಾರೆ, ನಿಮ್ಮ ಹತ್ತಿರ ಹೇಳೋಕೆ ಹೆಸರಿಲ್ಲ. ಹಾಗಾಗಿ ನೆಟ್‌ವರ್ಕ್ ಮುಟ್ಟಬೇಡಿ. ಫೈರ್‌ವಾಲ್ ಮೊದಲು ಆನ್ ಮಾಡಿ. ಡೆಸ್ಕ್‌ಟಾಪ್‌ನಲ್ಲಿ ನೆಟ್‌ವರ್ಕ್ ಪ್ರೊಫೈಲ್ 'ಪ್ರೈವೇಟ್' ಇದ್ದು, ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಆನ್ ಇದ್ದರೆ ಫೈರ್‌ವಾಲ್ ತಾನಾಗೇ ದಾರಿ ಬಿಡುತ್ತೆ.

ಮೊದಲು ಯಾಕೆ ನಡೆಯುತ್ತಿತ್ತು? ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಇದ್ದಾಗ ಗುರುತಿಲ್ಲದವರನ್ನೆಲ್ಲ ಡೆಸ್ಕ್‌ಟಾಪ್ 'ಗೆಸ್ಟ್' ಅಂತ ಒಳಗೆ ಬಿಡುತ್ತಿತ್ತು. ನಿಮ್ಮ ಹಳೇ ಲ್ಯಾಪ್‌ಟಾಪ್‌ಗೆ ಅದು ಸರಿ ಅನ್ನಿಸುತ್ತಿತ್ತು. ವಿಂಡೋಸ್ 11 ಪ್ರೊ 24ಎಚ್2 ಅದನ್ನು ಒಪ್ಪಲ್ಲ. ಅದು ಪ್ರತಿ ಸಂಪರ್ಕಕ್ಕೂ ಡಿಜಿಟಲ್ ಸಹಿ ಕೇಳುತ್ತೆ, ಪಾಸ್‌ವರ್ಡ್ ಇಲ್ಲದ ಗೆಸ್ಟ್‌ಗೆ ಸಹಿ ಹಾಕೋಕೆ ಬರಲ್ಲ. ಹೋಮ್ ಆವೃತ್ತಿಯಲ್ಲಿ ಇಷ್ಟು ಬಿಗಿ ಇಲ್ಲ. ನೀವು ಪ್ರೊ ತಗೊಂಡಿದ್ದಕ್ಕೆ ಸಿಕ್ಕಿಬಿದ್ದಿರಿ. 'ಸಂಸ್ಥೆ' ಅನ್ನೋ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ, ಆಫೀಸುಗಳಿಗೆ ಅಂತ ಬರೆದ ವಾಕ್ಯ ಅದು.

ಖಾಲಿ ಪಾಸ್‌ವರ್ಡ್ ಯಾಕೆ ನಡೆಯಲ್ಲ ಅಂದರೆ, ಪಾಸ್‌ವರ್ಡ್ ಇಲ್ಲದ ಅಕೌಂಟ್‌ನಿಂದ ಆ ಮಷೀನಿನ ಮುಂದೆ ಕೂತು ಮಾತ್ರ ಒಳಗೆ ಹೋಗಬಹುದು, ನೆಟ್‌ವರ್ಕ್‌ನಿಂದ ಆಗಲ್ಲ. ವಿಂಡೋಸ್‌ನಲ್ಲಿ ಇದು ಎಕ್ಸ್‌ಪಿ ಕಾಲದಿಂದಲೂ ಇರೋ ನಿಯಮ. ಪಿನ್ ಕೂಡ ಹಾಗೇ, ಯಾವ ಮಷೀನಿಗೆ ಇಟ್ಟಿದ್ದೀರೋ ಅದಕ್ಕೆ ಮಾತ್ರ. ನಿಮ್ಮ ಮನೆ ಕೀಲಿಯಿಂದ ಪಕ್ಕದ ಮನೆ ಬೀಗ ತೆರೆಯಲ್ಲ ಅಲ್ವಾ.

ಮಾಡಬೇಕಾದ್ದು ಇಷ್ಟು. ಡೆಸ್ಕ್‌ಟಾಪ್‌ನಲ್ಲಿ (ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಎಲ್ಲರೂ ಇಲ್ಲೇ ತಪ್ಪುತ್ತಾರೆ) ಸೆಟ್ಟಿಂಗ್ಸ್, ಅಕೌಂಟ್ಸ್, ಫ್ಯಾಮಿಲಿ ಆಂಡ್ ಅದರ್ ಯೂಸರ್ಸ್‌ಗೆ ಹೋಗಿ ಹೊಸ ಯೂಸರ್ ಸೇರಿಸಿ. ಇಮೇಲ್ ಕೇಳಿದರೆ ಆ ವ್ಯಕ್ತಿಯ ವಿವರ ನನ್ನ ಹತ್ತಿರ ಇಲ್ಲ ಅನ್ನೋದನ್ನು ಒತ್ತಿ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಯೂಸರ್ ಅನ್ನೋದನ್ನು ಆರಿಸಿ. ಹೆಸರು 'ಪತ್ರಿಕೆ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ, ಒಂದು ಗಟ್ಟಿ ಪಾಸ್‌ವರ್ಡ್ ಕೊಡಿ, ಚೀಟಿಯಲ್ಲಿ ಬರೆದಿಡಿ. ಆಮೇಲೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಶೇರಿಂಗ್‌ನಲ್ಲೂ ಈ ಯೂಸರ್‌ಗೆ ಅನುಮತಿ ಕೊಡಬೇಕು, ಸೆಕ್ಯುರಿಟಿಯಲ್ಲೂ ಕೊಡಬೇಕು. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ನಿಮಗೆ ಸಿಗೋದು.

ಲ್ಯಾಪ್‌ಟಾಪ್‌ನಲ್ಲಿ ಹೆಸರು ಹಾಕುವಾಗ ಸುಮ್ನೆ 'ಪತ್ರಿಕೆ' ಅಂತ ಅಲ್ಲ, ಡೆಸ್ಕ್‌ಟಾಪ್‌ನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಆಮೇಲೆ ಯೂಸರ್ ಹೆಸರು. ಹಾಗೆ ಹಾಕಿದರೆ ಯಾವ ಮಷೀನಿನ ಯೂಸರ್ ಅಂತ ಗೊಂದಲ ಇರಲ್ಲ. ಹಾಕುವ ಮೊದಲು ಲ್ಯಾಪ್‌ಟಾಪ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳೋ ಜಾಗ) ತೆರೆದು, ವಿಂಡೋಸ್ ಕ್ರೆಡೆನ್ಷಿಯಲ್ಸ್‌ನಲ್ಲಿ ಡೆಸ್ಕ್‌ಟಾಪ್‌ನ ಹೆಸರಲ್ಲಿ ಏನಾದರೂ ಉಳಿದಿದ್ದರೆ ಅಳಿಸಿ. ಇಲ್ಲದಿದ್ದರೆ ನೀವು ಹಾಕಿದ ತಪ್ಪು ಪಿನ್ನನ್ನೇ ಅದು ಮತ್ತೆ ಮತ್ತೆ ಕಳಿಸಬಹುದು.

ನವನಗರ ಡಿಟಿಪಿ, ಬಾಗಲಕೋಟೆ

ಮೊದಲಿಗೆ, ನಾನು ಸರ್ ಅಲ್ಲ, ಮೇಡಂ.

ಟಿಳಕವಾಡಿ ಅಣ್ಣಾವ್ರೆ, ಫೋಲ್ಡರ್ ತೆರೆಯಿತು!! ಡೆಸ್ಕ್‌ಟಾಪ್ ಹೆಸರು ಡೆಸ್ಕ್‌ಟಾಪ್ ಅಂತ ಶುರುವಾಗಿ ಅಂಕಿ ಅಕ್ಷರ ಏನೇನೋ ಇತ್ತು, ಅದನ್ನು ಬದಲಿಸಿ 'ಪಡಸಾಲೆ' ಅಂತ ಇಟ್ಟೆ, ಈಗ ನೆನಪಿಡೋಕೆ ಸುಲಭ. ಪಡಸಾಲೆ ಬ್ಯಾಕ್‌ಸ್ಲ್ಯಾಶ್ ಪತ್ರಿಕೆ, ಪಾಸ್‌ವರ್ಡ್, ಟಕ್ ಅಂತ ಒಳಗೆ ಹೋಯಿತು.

ಎರಡು ತಕರಾರು. ಒಂದು, ಫೈಲ್ ತೆರೆಯುತ್ತೆ, ಆದರೆ ಸೇವ್ ಮಾಡಿದರೆ ಅನುಮತಿ ಇಲ್ಲ ಅಂತದೆ. ಸೆಕ್ಯುರಿಟಿಯಲ್ಲಿ 'ಪತ್ರಿಕೆ'ಗೆ ಮಾಡಿಫೈ ಕೊಟ್ಟಿದ್ದೇನೆ, ಎರಡು ಸಲ ನೋಡಿದೆ. ಇನ್ನೊಂದು, ಡೆಸ್ಕ್‌ಟಾಪ್ ಚಾಲೂ ಮಾಡಿದರೆ ಮೊದಲಿನ ಹಾಗೆ ಸೀದಾ ತೆರೆಯುತ್ತಿಲ್ಲ, ಇಬ್ಬರ ಹೆಸರು ತೋರಿಸಿ ನಿಲ್ಲುತ್ತೆ. ಅವ್ವ ಬೆಳಿಗ್ಗೆ ಭಜನೆ ಹಚ್ಚೋಕೆ ಕೂತಿದ್ದಳು, "ಇವನ್ಯಾರು ಪತ್ರಿಕೆ, ನಮ್ಮ ಮನೆಯಲ್ಲಿ?" ಅಂತ ನನ್ನನ್ನು ಕೂಗಿ ಕರೆದಳು.

ಟಿಳಕವಾಡಿ ಕೇಬಲ್, ಬೆಳಗಾವಿ

ಅವ್ವಾರಿಗೆ ಹೇಳಿ, ಅವನು ಮನೆಯವನೇ, ಮೇಲಿನ ಕೋಣೆಯಲ್ಲಿ ಇರ್ತಾನೆ. ಎರಡನೇ ಅಕೌಂಟ್ ಬಂದ ಮೇಲೆ ಯಾರು ಅಂತ ಕೇಳೋದು ಸಹಜ. ಹಳೇ ಹೆಸರಿನ ಮೇಲೆ ಒಂದು ಸಲ ಒತ್ತಿದರೆ ಆಯಿತು.

ಸೇವ್ ಆಗದ್ದಕ್ಕೆ ಕಾರಣ ನೀವೇ ಮೊದಲ ಪೋಸ್ಟ್‌ನಲ್ಲಿ ಬರೆದಿದ್ದೀರಿ, ಶೇರಿಂಗ್ ತೆಗೆದು ಹೊಸದಾಗಿ ಮಾಡಿದೆ ಅಂತ. ಅಡ್ವಾನ್ಸ್ಡ್ ಶೇರಿಂಗ್‌ನಿಂದ ಹೊಸದಾಗಿ ಶೇರ್ ಮಾಡಿದರೆ 'ಎವರಿವನ್, ರೀಡ್' ಅಂತ ಮಾತ್ರ ಇರುತ್ತೆ. ಅಂದರೆ ನೋಡಬಹುದು, ಬರೆಯೋ ಹಾಗಿಲ್ಲ. ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್, ಪರ್ಮಿಷನ್ಸ್‌ಗೆ ಹೋಗಿ 'ಪತ್ರಿಕೆ' ಸೇರಿಸಿ ಚೇಂಜ್ ಟಿಕ್ ಮಾಡಿ, ಎವರಿವನ್ ತೆಗೆದುಹಾಕಿ.

ಗುಮ್ಮಟದೂರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ವಿಜಯಪುರದವನು. ನಮ್ಮಲ್ಲಿ ಪಾಸ್‌ವರ್ಡ್ ಕೇಳೋ ತನಕ ಕೂಡ ಬರಲ್ಲ, ಸೀದಾ 0x80070035 ಅಂತ ಎರರ್, ಅಂದರೆ ಆ ಕಂಪ್ಯೂಟರ್‌ಗೆ ಹೋಗೋ ದಾರಿಯೇ ಸಿಗಲಿಲ್ಲ ಅಂತ. ವಿಚಿತ್ರ ಏನಂದರೆ ಕೆಳಗಿನ ಕಂಪ್ಯೂಟರ್‌ನಿಂದ ಮೇಲಿನದರ ಫೋಲ್ಡರ್ ತೆರೆಯುತ್ತೆ, ಮೇಲಿನದರಿಂದ ಕೆಳಗಿನದು ತೆರೆಯಲ್ಲ. ಯೂಸರ್, ಪಾಸ್‌ವರ್ಡ್ ಎಲ್ಲಾ ಸರಿ ಇದೆ. ಮೇಲೆ ಫೈಬರ್‌ನವರ ಡಬ್ಬಿ ಇದೆ, ಕೆಳಗೆ ಸಿಗ್ನಲ್ ಬರಲ್ಲ ಅಂತ ನಾನೇ ಒಂದು ರೌಟರ್ ತಂದು ಹಾಕಿದ್ದೇನೆ.

ಟಿಳಕವಾಡಿ ಕೇಬಲ್, ಬೆಳಗಾವಿ

ಕೊನೇ ವಾಕ್ಯದಲ್ಲೇ ಉತ್ತರ ಇದೆ. ಎರಡೂ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಹೊಡೆದು ನೋಡಿ, ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ನಂಬರ್, ಅಂದರೆ ಐಪಿ ವಿಳಾಸ, ಕಾಣುತ್ತೆ. ಮೇಲಿನದರಲ್ಲಿ 192.168.1 ಅಂತ, ಕೆಳಗಿನದರಲ್ಲಿ 192.168.0 ಅಂತ ಶುರುವಾದರೆ ನಿಮ್ಮ ಮನೆಯಲ್ಲಿ ಇರೋದು ಒಂದು ನೆಟ್‌ವರ್ಕ್ ಅಲ್ಲ, ಎರಡು. ಕೆಳಗಿನ ರೌಟರ್ ತನ್ನ ಒಳಗಿನವರನ್ನು ಹೊರಗೆ ಬಿಡುತ್ತೆ, ಹೊರಗಿನವರನ್ನು ಒಳಗೆ ಬಿಡಲ್ಲ. ಅದಕ್ಕೇ ಒಂದೇ ದಿಕ್ಕಿನಲ್ಲಿ ನಡೆಯುತ್ತಿದೆ.

ಕೆಳಗಿನ ರೌಟರ್‌ನ ಸೆಟ್ಟಿಂಗ್‌ನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಇದ್ದರೆ ಅದಕ್ಕೆ ಬದಲಿಸಿ, ಆಗ ಅದು ಬೇರೆ ನೆಟ್‌ವರ್ಕ್ ಮಾಡದೆ ಮೇಲಿನದನ್ನೇ ಕೆಳಗೆ ಹಬ್ಬಿಸುತ್ತೆ, ಮುಗಿಯಿತು. ಆ ಮೋಡ್ ಇಲ್ಲದಿದ್ದರೆ ಅದರ ಸ್ವಂತ ವಿಳಾಸವನ್ನು 192.168.1.2 ಅಂತ ಮಾಡಿ (ಬೇರೆ ಯಾರೂ ಆ ನಂಬರ್‌ನಲ್ಲಿ ಇರಬಾರದು), ಡಿಎಚ್‌ಸಿಪಿ (ಐಪಿ ನಂಬರ್ ಹಂಚೋ ಕೆಲಸ) ಆಫ್ ಮಾಡಿ, ಮೇಲಿಂದ ಬಂದ ಕೇಬಲನ್ನು ವ್ಯಾನ್ (ಹೊರಗಿನ ಸಂಪರ್ಕದ) ಪೋರ್ಟ್‌ನಿಂದ ಕಿತ್ತು ಲ್ಯಾನ್ (ಮನೆಯೊಳಗಿನ ಸಂಪರ್ಕದ) ಪೋರ್ಟ್‌ಗೆ ಹಾಕಿ. ಮಾಡುವ ಕ್ರಮ ಇದೇ ಇರಲಿ. ಕೇಬಲ್ ಮೊದಲು ಬದಲಿಸಿದರೆ ಎರಡು ರೌಟರ್ ಕೂಡಿ ಐಪಿ ಹಂಚೋಕೆ ಶುರು ಮಾಡುತ್ತವೆ, ಆಮೇಲೆ ಮನೆಮಂದಿಯೆಲ್ಲ ನಿಮ್ಮನ್ನೇ ಬೈಯುತ್ತಾರೆ.

ಗುಮ್ಮಟದೂರು

ಆಕ್ಸೆಸ್ ಪಾಯಿಂಟ್ ಮೋಡ್ ಇತ್ತು ರೀ! ಒಂದು ಬಟನ್. ಇದಕ್ಕಾಗಿ ಒಂದು ಭಾನುವಾರ ಪೂರ್ತಿ ಕಳೆದಿದ್ದೆ, ವಿಂಡೋಸ್ ಬೇರೆ ಹೊಸದಾಗಿ ಹಾಕಿದ್ದೆ.

ನವನಗರ ಡಿಟಿಪಿ, ಬಾಗಲಕೋಟೆ

ಸೇವ್ ಆಗುತ್ತಿದೆ. ಚೇಂಜ್ ಟಿಕ್ ಮಾಡಿದ್ದೇ ತಡ, ಸರಿಹೋಯಿತು.

ಆದರೆ ಅಣ್ಣಾವ್ರೆ, ನಿನ್ನೆ ಸಂಜೆ ಕರೆಂಟ್ ಹೋಗಿ ಬಂತು, ಆಮೇಲೆ ನನಗೂ ಅದೇ 0x80070035. ನಮ್ಮಲ್ಲಿ ರೌಟರ್ ಒಂದೇ. ಡೆಸ್ಕ್‌ಟಾಪ್ ಚಾಲೂ ಇದೆ. ಫೋಲ್ಡರ್‌ನ ಶಾರ್ಟ್‌ಕಟ್ಟನ್ನು ತಮ್ಮ ಲ್ಯಾಪ್‌ಟಾಪ್‌ನ ಪರದೆ ಮೇಲೆ ಮಾಡಿಟ್ಟಿದ್ದ, \\192.168.1.5 ಅಂತ ನಂಬರ್ ಹಾಕಿ.

ಟಿಳಕವಾಡಿ ಕೇಬಲ್, ಬೆಳಗಾವಿ

ಕರೆಂಟ್ ಹೋದಾಗ ರೌಟರ್ ಯಾರಿಗೆ ಯಾವ ನಂಬರ್ ಕೊಟ್ಟಿತ್ತು ಅನ್ನೋದನ್ನು ಮರೆತಿರಬಹುದು. ಬಂದ ಮೇಲೆ ಮತ್ತೆ ಹಂಚುತ್ತೆ, 5 ಇದ್ದದ್ದು 9 ಆಗಬಹುದು, ಆ 5 ನಿಮ್ಮ ಮೊಬೈಲ್‌ಗೂ ಹೋಗಿರಬಹುದು. ಡೆಸ್ಕ್‌ಟಾಪ್‌ನಲ್ಲಿ ಐಪಿಕಾನ್ಫಿಗ್ ನೋಡಿ. ಶಾರ್ಟ್‌ಕಟ್‌ನಲ್ಲಿ ನಂಬರ್ ಬದಲು ಪಡಸಾಲೆ ಅನ್ನೋ ಹೆಸರು ಹಾಕಿ. ಇನ್ನೂ ಗಟ್ಟಿ ಆಗಬೇಕು ಅಂದರೆ ರೌಟರ್‌ನ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುತ್ತೆ, ಅಲ್ಲಿ ಡೆಸ್ಕ್‌ಟಾಪ್‌ನ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಒಂದು ನಂಬರ್ ಕಾಯಂ ಮಾಡಿ. ರೌಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿದರೂ ಒಳ್ಳೇದೇ, ನಮ್ಮ ಕಡೆ ಮಳೆಗಾಲದಲ್ಲಿ ಅದು ಇಲ್ಲದೆ ಆಗಲ್ಲ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಡೆಸ್ಕ್‌ಟಾಪ್ ಇಂದೇ ಬಿಸಾಡಿ ಅನ್ನುತ್ತಿಲ್ಲ. 'ಪತ್ರಿಕೆ' ಫೋಲ್ಡರ್‌ನ ಒಂದು ನಕಲು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಇಡಿ, ನಕಲು ಮಾಡಿದ ಮೇಲೆ ಕೇಬಲ್ ಕಿತ್ತು ಬೀರುವಿನಲ್ಲಿ ಇಡಿ. ಶೇರ್ ಮಾಡಿದ ಫೋಲ್ಡರ್ ಅಂದರೆ ಬ್ಯಾಕಪ್ ಅಲ್ಲ. ಮೇಲಿಂದ ತಮ್ಮ ಡಿಲೀಟ್ ಮಾಡಿದರೆ ರೀಸೈಕಲ್ ಬಿನ್‌ಗೂ ಹೋಗಲ್ಲ, ಹೋದದ್ದು ಹೋದ ಹಾಗೇ.

ನವನಗರ ಡಿಟಿಪಿ, ಬಾಗಲಕೋಟೆ

9 ಆಗಿತ್ತು! 5 ಅವ್ವನ ಮೊಬೈಲ್‌ಗೆ ಹೋಗಿತ್ತು. ಹೆಸರು ಹಾಕಿದೆ, ರಿಸರ್ವೇಶನ್ನೂ ಮಾಡಿದೆ, ಬೇಕಂತಲೇ ರೌಟರ್ ಎರಡು ಸಲ ಆಫ್ ಮಾಡಿ ನೋಡಿದೆ, ತೆರೆಯುತ್ತಿದೆ. ಡಿಲೀಟ್ ವಿಷಯ ಗೊತ್ತೇ ಇರಲಿಲ್ಲ, ತಮ್ಮನಿಗೆ ಓದಿ ಹೇಳಿದ್ದೇನೆ.

ಇನ್ನೊಂದು ಕೇಳಿ ಸುಮ್ಮನಾಗುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಹಳೇ ಪತ್ರಿಕೆ ತೆರೆದರೆ ಮೇಲೆ 'ಶ್ರೀ ಬಸವೇಶ್ವರ ಪ್ರಸನ್ನ' ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಹಚ್ಚಿದ ಹಾಗೆ ಏನೇನೋ ಕಾಣುತ್ತೆ. ಇದೂ ಶೇರಿಂಗ್ ತಪ್ಪೇ?

ಸೆಟ್ಟಿಂಗ್ಸ್ ಶೂರ

ಇದು ನನಗೆ ಗೊತ್ತು ಮೇಡಂ. ಲ್ಯಾಪ್‌ಟಾಪ್‌ನಲ್ಲಿ ನುಡಿ ಫಾಂಟ್ ಇಲ್ಲ. ನುಡಿ ಇನ್‌ಸ್ಟಾಲ್ ಮಾಡಿ, ಇಲ್ಲಾ ಡೆಸ್ಕ್‌ಟಾಪ್‌ನಿಂದ ಆ ಫಾಂಟ್ ಫೈಲುಗಳನ್ನು ತಂದು ಹಾಕಿ, ಡಿಸೈನ್ ಮಾಡೋ ಕೋರಲ್‌ಡ್ರಾ ಮುಚ್ಚಿ ತೆರೆಯಿರಿ. ಹಾಗೇ ನಮ್ಮ ಮನೆಯಲ್ಲಿ ಎಸ್‌ಎಂಬಿ 1 ಆಫ್ ಮಾಡಿದೆ, ಫೈರ್‌ವಾಲೂ ಆನ್ ಆಗಿದೆ. ಬೈಯಬೇಡಿ.

ನವನಗರ ಡಿಟಿಪಿ, ಬಾಗಲಕೋಟೆ

ಬಸವಣ್ಣ ಬಂದ. ಪೆನ್‌ಡ್ರೈವ್ ತಮ್ಮನಿಗೆ ಕೊಟ್ಟಿದ್ದೇನೆ, ಸಿನಿಮಾ ತುಂಬಿಕೊಳ್ಳಲಿ.