ಹಳೆ ಮನೆ ಮೋಲ್ಡ್ ಮೇಲೆ ಪುಸ್ತಕದ ರ‍್ಯಾಕ್ ಇಡಬಹುದಾ? ಲೋಡ್ ಟೆಸ್ಟ್ ಮಾಡಿಸಬೇಕಾ?

ತುಂಗಾತೀರ:
ನಮಸ್ಕಾರ. ಶಿವಮೊಗ್ಗದಲ್ಲಿ ಅಪ್ಪ 1994ರಲ್ಲಿ ಕಟ್ಟಿಸಿದ ಮನೆ ಇದೆ. ಮೇಲಿನ ರೂಮಿನಲ್ಲಿ ಬೀದಿಯ ಮಕ್ಕಳಿಗೆ ಲೈಬ್ರರಿ ಮಾಡುವ ಆಸೆ. ರೂಮು 3 ಮೀಟರ್ ಅಗಲ, 4 ಮೀಟರ್ ಉದ್ದ, ಅದರ ನೆಲವಾಗಿರುವ ಮೋಲ್ಡ್ (ಕಾಂಕ್ರೀಟ್ ಸ್ಲ್ಯಾಬ್) 12 ಸೆಂಟಿಮೀಟರ್ ದಪ್ಪ. ಕಂಬಿ ಎಷ್ಟು ಹಾಕಿದ್ದಾರೋ, ಪ್ಲಾನ್ ಸಿಕ್ಕಿಲ್ಲ. ಕೆಳಗಿಂದ ನೋಡಿದರೆ ಬಾತ್‌ರೂಮ್ ಪಕ್ಕದ ಮೂಲೆಯಲ್ಲಿ ಅಂಗೈಯಗಲ ಸಿಮೆಂಟು ಉದುರಿ ಕಂದು ಗೆರೆ ಕಾಣುತ್ತಿದೆ. ಮೇಸ್ತ್ರಿ "ಮೂಟೆ ಪೇರಿಸಿ ಒಂದು ದಿನ ಬಿಡಿ, ಏನೂ ಆಗದಿದ್ದರೆ ಗಟ್ಟಿ" ಅಂತಾರೆ. ಅಷ್ಟು ಸಾಕಾ?

ಕಂಬಿಲೆಕ್ಕ:
ದಯವಿಟ್ಟು ಹಾಗೆ ಮಾಡಬೇಡಿ. ಲೋಡ್ ಟೆಸ್ಟ್‌ನಲ್ಲಿ ನೋಡುವುದು ಮೋಲ್ಡ್ ಬಿತ್ತಾ ಇಲ್ವಾ ಅಂತಲ್ಲ. ಎಷ್ಟು ಬಾಗಿತು, ಭಾರ ಇಳಿಸಿದ ಮೇಲೆ ಎಷ್ಟು ವಾಪಸ್ ಬಂತು ಅಂತ. ಐಎಸ್ 456 (ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ) ಪ್ರಕಾರ ಲೈವ್ ಲೋಡ್‌ನ, ಅಂದರೆ ಜನ, ಸಾಮಾನಿನ ಭಾರದ 1.25 ಪಟ್ಟು ಹೇರಿ 24 ಗಂಟೆ ಬಿಡಬೇಕು. ಮನೆಯ ರೂಮಿಗೆ ಚದರ ಮೀಟರಿಗೆ ಸುಮಾರು 200 ಕೆಜಿ ಲೆಕ್ಕ, ಅಂದರೆ ಹೇರಬೇಕಾದ್ದು ಚದರ ಮೀಟರಿಗೆ 250 ಕೆಜಿ, ನಿಮ್ಮ ಇಡೀ ರೂಮಿಗೆ 50 ಕೆಜಿಯ 60 ಸಿಮೆಂಟ್ ಮೂಟೆ. ಇಳಿಸಿ 24 ಗಂಟೆಯೊಳಗೆ ಬಾಗಿದ್ದರಲ್ಲಿ ಶೇ 75ರಷ್ಟು ವಾಪಸ್ ಬರಬೇಕು. ಬರಲಿಲ್ಲ ಅಂದರೆ 72 ಗಂಟೆ ಬಿಟ್ಟು ಇನ್ನೊಮ್ಮೆ, ಆಗ ಶೇ 80 ಬರಲೇಬೇಕು. ನಿಮ್ಮ ಅಳತೆಗೆ ಬಾಗಿದ್ದೇ 3 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ವಾಪಸ್ ಬಂದಿದ್ದನ್ನು ಅಳೆಯುವುದೂ ಬೇಡ. ಇಷ್ಟು ಕಣ್ಣಿಗೆ ಕಾಣುವುದಿಲ್ಲ, ಡಯಲ್ ಗೇಜ್ (ಸಣ್ಣ ಕದಲಿಕೆಯನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಬೇಕು.

ಆದರೆ ಇದೆಲ್ಲ ವಾಸದ ಮನೆಯ ಲೆಕ್ಕ. ಆಳೆತ್ತರದ ರ‍್ಯಾಕ್ ತುಂಬಿದ ಲೈಬ್ರರಿ ಕೋಣೆಗೆ ಐಎಸ್ 875 (ಕಟ್ಟಡದ ಮೇಲಿನ ಭಾರಗಳ ಮಾನದಂಡ) ಹೇಳುವುದು ಚದರ ಮೀಟರಿಗೆ ಸುಮಾರು 600 ಕೆಜಿ. ಅದಕ್ಕೆ ಟೆಸ್ಟ್ ಮಾಡಿದರೆ 60 ಅಲ್ಲ, 180 ಮೂಟೆ! ಮಲಗುವ ಕೋಣೆ ಅಂತ ಹಾಕಿದ ಮೋಲ್ಡ್‌ಗೆ ಅಷ್ಟು ಹೇರಲು ನನಗಂತೂ ಧೈರ್ಯ ಬರುವುದಿಲ್ಲ.

ಸೈಟ್‌ನೋಟ:
ನಮ್ಮ ಸಂಘದ ಹಾಲ್‌ನಲ್ಲಿ ಟೆಸ್ಟ್ ಮಾಡಿದವರು ಮೂಟೆಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ಮೋಲ್ಡ್ ಬಾಗುತ್ತಿದ್ದಂತೆ ಮೂಟೆಗಳು ಒಂದಕ್ಕೊಂದು ಆತುಕೊಂಡು ಕಮಾನಿನ ಥರ ನಿಂತವು, ಭಾರ ಗೋಡೆ ಕಡೆಗೆ ಹೋಯಿತು, ಗೇಜ್ ಚೆನ್ನಾಗಿದೆ ಅಂತ ತೋರಿಸಿತು. ಮಧ್ಯೆ ಸಂದು ಬಿಡಿಸಿ ಮತ್ತೆ ಮಾಡಿದಾಗಲೇ ನಿಜ ಗೊತ್ತಾಗಿದ್ದು. ಗೇಜ್‌ಗೆ ಬೇರೆ ಸ್ಟ್ಯಾಂಡ್ ಇರಲಿ, ಆಳು ಹತ್ತಿ ಇಳಿಯುವ ಅಟ್ಟಣಿಗೆಗೆ ಕಟ್ಟಿದರೆ ಮುಳ್ಳು ಸುಮ್ನೆ ಕುಣಿಯುತ್ತದೆ. ಅಕಸ್ಮಾತ್ ಕುಸಿದರೆ ತಡೆಯಲು ಕೆಳಗೆ ಸ್ವಲ್ಪ ಸಂದು ಬಿಟ್ಟು ಜಾಕಿ (ಆಸರೆ ಕಂಬ) ನಿಲ್ಲಿಸಲೇಬೇಕು.

ಗಾರೆಗಣಪ:
ನನಗೆ ಮೂಟೆಗಿಂತ ಆ ಮೂಲೆಯದೇ ಚಿಂತೆ. ಕಂದು ಗೆರೆ ಅಂದರೆ ಒಳಗೆ ಕಂಬಿ ತುಕ್ಕು ಹಿಡಿದಿದೆ. ಟೆಸ್ಟ್ ಇವತ್ತಿನ ಮಾತು ಹೇಳುತ್ತೆ, ತುಕ್ಕು ನಾಳೆಯೂ ತಿನ್ನುತ್ತೆ. ಮೊದಲು ಬಾತ್‌ರೂಮ್ ಸೋರಿಕೆ ನಿಲ್ಲಿಸಿ. ಅಲ್ಲಿ ಸ್ವಲ್ಪ ಒಡೆಸಿ ಕಂಬಿ ಎಷ್ಟು ಸವೆದಿದೆ ನೋಡಿಸಿ, ಹೊಸದಾಗಿ ಒಡೆದ ಕಾಂಕ್ರೀಟ್ ಮೇಲೆ ಫಿನಾಲ್ಫ್ಥಲೀನ್ ಅನ್ನುವ ಪರೀಕ್ಷಾ ದ್ರಾವಣ ಚಿಮುಕಿಸಿ. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟ್ ಇನ್ನೂ ಕಂಬಿ ಕಾಯುತ್ತಿದೆ, ಬಣ್ಣ ಬರದಿದ್ದರೆ ಆ ಶಕ್ತಿ ಹೋಗಿದೆ. ಖರ್ಚು ತುಂಬಾ ಕಡಿಮೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಕೆಳಗಿನ ರೂಮಿನ ನೆಲ ಮಣ್ಣಿನ ಮೇಲೇ ಕೂತಿದೆ, ರ‍್ಯಾಕ್ ಅಲ್ಲೇ ಇಡುತ್ತೇನೆ. ಆದರೆ ಆ ಮೂಲೆ ಅದೇ ರೂಮಿನ ಸೂರಿನಲ್ಲಿದೆ, ಅದು ಸರಿಯಾಗುವ ತನಕ ಮಕ್ಕಳನ್ನು ಕರೆಯುವುದಿಲ್ಲ. ಭಾನುವಾರ ಒಡೆಸಿ ಫೋಟೋ ಹಾಕುತ್ತೇನೆ, ನೋಡಿ ಹೇಳಿ.